ಒಲಿಗೊಂದು ಸರ್ಟಿಫಿಕೇಟು

ಲೋಕಿಕೆರೆಯ ಕಟ್ಟೆ ಮೇಲೆ ವಿಮಾ ಏಜೆಂಟ್ ಫೈಲು ಬಿಚ್ಚಿದ.

"ಅಜ್ಜೀ, ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಾಗ ಬಂದಿದ್ದು. ಬೆಂಕಿ, ಸಿಡಿಲು, ನೆರೆ ಎಲ್ಲಾ ಸೇರಿ. ನಿಮ್ಮ ಒಲಿ ಯಾವ ಕಂಪನೀದು?"

"ನಮ್ಮತ್ತಿ ಕಂಪನೀದು. ಕೆರಿ ಮಣ್ಣು."

"ಐಎಸ್‌ಐ ಮಾರ್ಕು?"

"ಗ್ವಾಡಿ ಮ್ಯಾಲ ಕರ್ರಗೈತಲ್ಲ, ಅದ."

"ಸೌದಿ ಒಲಿಗೂ ಐಎಸ್ 13152 ಅಂತ ಮಾನದಂಡ ಐತಿ. ಹೊಗಿ ಅಳೀತಾರ."

"ಅಳಿಯಾಕ ಇಲ್ಲಿಗೆ ಬರ್ತಾರೋ, ಒಲಿ ಕಿತ್ತು ದಾವಣಗೆರಿಗೆ ಹೊರಬೇಕೋ? ಅಲ್ಲಿ ಸೌದಿ ಒಲಿ ಮ್ಯಾಲ ಬೆಣ್ಣಿದೋಸಿ ತಿಂದಿಯಲ್ಲ, ಸರ್ಟಿಫಿಕೇಟ್ ಕೇಳಿದೇನು?"

"ಬಾಯಿ ಖಾಲಿ ಇರ್ಲಿಲ್ಲಜ್ಜಿ."

(ಇಂಥ ಪ್ರಾಮಾಣಿಕ ಏಜೆಂಟ್ ಅಪರೂಪ.)

ಹೊಗೆಯ ಮಾತಿಗೆ ಬಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1980ರ ದಶಕದಲ್ಲೇ ಅಸ್ತ್ರ ಎಂಬ ಸೌದೆ ಒಲೆ ಕೊಟ್ಟಿತ್ತು. ಅದಕ್ಕೆ ಹೊಗೆ ಕೊಳವೆ ಇತ್ತು. ಅಜ್ಜಿಗೆ ಬೇಕಾದದ್ದೂ ಕೊಳವೆಯೇ, ಕಾಗದವಲ್ಲ.