ನಿಟ್ಟೂರಿನ ಆಂಗಲ್ಲಣ್ಣ

ಆಂಗಲ್ಲಣ್ಣನನ್ನು ನೀವು ನೋಡಿಲ್ಲವೆಂದರೆ ನಾನು ನಂಬುವುದಿಲ್ಲ. ನಿಮ್ಮ ಹೋಬಳಿಯಲ್ಲೂ ಒಬ್ಬ ಇದ್ದೇ ಇರುತ್ತಾನೆ. ಮದುವೆ ಮನೆಯಲ್ಲಿ ಎಲ್ಲರೂ ಎಲೆ ಮೇಲೆ ಏನು ಬಿತ್ತು ಅಂತ ನೋಡುವಾಗ ಇವನು ಚಾವಣಿ ನೋಡುತ್ತಿರುತ್ತಾನೆ, ಬೆಳಕು ಎಲ್ಲಿಂದ ಬೀಳುತ್ತಿದೆ ಅಂತ. ಸಾವಿನ ಮನೆಯಲ್ಲಿ ಕೈಮುಗಿದು ನಿಂತಾಗಲೂ ಒಂದು ಕಣ್ಣು ಅರ್ಧ ಮುಚ್ಚಿರುತ್ತದೆ, ದುಃಖಕ್ಕಲ್ಲ, ಫ್ರೇಮಿಗೆ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಊರಿಗೆ ಅವನು ಆಂಗಲ್ಲಣ್ಣ. ಏಳನೇ ಕ್ಲಾಸಿನವರೆಗೆ ನನ್ನ ಕೈಕೆಳಗೇ ಓದಿದವನು. ಆಗಲೂ ಪುಸ್ತಕವನ್ನು ನೆಟ್ಟಗೆ ಹಿಡಿದದ್ದು ನಾನು ಕಂಡಿಲ್ಲ.

ಮೊದಮೊದಲು ನಾಮಕರಣ, ಗೃಹಪ್ರವೇಶ. ಆಮೇಲೆ ಟಿಕ್‌ಟಾಕ್. 2020ರ ಜೂನ್ ಕೊನೆಗೆ ಸರ್ಕಾರ ಅದನ್ನು ನಿಲ್ಲಿಸಿದಾಗ ಮೂರು ದಿನ ಗಡ್ಡ ಬಿಟ್ಟುಕೊಂಡು ಓಡಾಡಿದ. ನಾಲ್ಕನೇ ದಿನ ಕಾರಿಗೆ ತಗುಲಿಕೊಂಡ. ಅವನು ಓಡಿಸುವುದು ಟಿವಿಎಸ್ ಎಕ್ಸೆಲ್, ಅದೂ ಹಾಲಿನ ಕ್ಯಾನ್ ಕಟ್ಟಿಕೊಂಡು. ತೆಗೆಯುವುದು ಮಾತ್ರ ಐಷಾರಾಮಿ ಕಾರಿನ ಜಾಹೀರಾತು, ಫೋನಿನಲ್ಲಿ.

'ಫೋನಲ್ಲಿ ಕಾರಿನ ಜಾಹೀರಾತಾ?' ಅಂತ ಯಾರಾದರೂ ಕೇಳಲಿ ಎಂದೇ ಕಾದಿರುತ್ತಾನೆ. ಕೇಳಿದರೆ ಪುರಾಣ ಶುರು. 2014ರಲ್ಲಿ ಇಂಗ್ಲೆಂಡಿನ ಬೆಂಟ್ಲಿ ಕಂಪನಿಯವರು ತಮ್ಮ ಮುಲ್ಸಾನ್ ಕಾರಿಗೆ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ಚಿತ್ರ ತೆಗೆದರು, ಕಪ್ಪು ಬಿಳುಪಿನಲ್ಲಿ. ಕೊನೆಯಲ್ಲಿ ಗುಟ್ಟು ಒಡೆದರು: ತೆಗೆದದ್ದು ಐಫೋನ್ 5ಎಸ್‌ನಲ್ಲಿ, ಎಡಿಟ್ ಮಾಡಿದ್ದು ಆ ಕಾರಿನ ಹಿಂದಿನ ಸೀಟಿನಲ್ಲೇ ಕೂತು, ಐಪ್ಯಾಡ್‌ನಲ್ಲಿ. ಈ ಕಥೆಯನ್ನು ಆಂಗಲ್ಲಣ್ಣ ಸತ್ಯನಾರಾಯಣನ ಕಥೆಯಷ್ಟೇ ಭಕ್ತಿಯಿಂದ ಹೇಳುತ್ತಾನೆ. ಫಲಶ್ರುತಿಯೂ ಉಂಟು: 'ಆ ಫೋನಲ್ಲಿ ಇದ್ದುದ್ದು 8 ಮೆಗಾಪಿಕ್ಸೆಲ್ ಸಾ. ನಂದು 108. ಲೆಕ್ಕ ನೀವೇ ಆಕ್ಕಳಿ.' ಹಾಕಿದೆ. ಹದಿಮೂರೂವರೆ ಬೆಂಟ್ಲಿ.

ಅವನು ಬಿಟ್ಟು ಹೇಳುವ ಅಧ್ಯಾಯಗಳೂ ಇವೆ. ಆ ಫೋನಿನ ಮೂತಿಗೆ ಬೇರೆ ಗಾಜು ಕೂರಿಸಿದ್ದರು. ಕೈ ನಡುಕ ತಿಳಿಯದಂತೆ ಮೋಟಾರಿನ ತೊಟ್ಟಿಲಲ್ಲಿ ಇಟ್ಟು ತೂಗಿದ್ದರು. 2023ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿ ತನ್ನ ಒಂದು ಸಮಾರಂಭವನ್ನು ಪೂರ್ತಿ ಐಫೋನಿನಲ್ಲೇ ಚಿತ್ರಿಸಿದ್ದಾಗಿ ಹೇಳಿಕೊಂಡಾಗಲೂ ಇದೇ ಕಥೆ. ತೆಗೆದದ್ದು ಫೋನು, ಸುಳ್ಳಲ್ಲ. ಆ ಫೋನನ್ನು ಎತ್ತಿ ಹಿಡಿದದ್ದು ಕ್ರೇನು. ಇದನ್ನು ಹೇಳಿದರೆ ಆಂಗಲ್ಲಣ್ಣನಿಗೆ ಬೇಜಾರಾಗುವುದಿಲ್ಲ. 'ಕ್ರೇನ್‌ಗೇನ್ ಸಾ ಬರ? ನಮ್ಮೂರಲ್ಲಿ ತೆಂಗಿನ್ ಮರ ಐತೆ' ಅನ್ನುತ್ತಾನೆ. ಅದು ಅಲಂಕಾರದ ಮಾತಲ್ಲ ಅಂತ ನನಗೆ ಗೊತ್ತಾದದ್ದು ಕಳೆದ ಚಳಿಗಾಲದಲ್ಲಿ.

ಊರಿನ ಅಳಿಯಂದಿರೊಬ್ಬರು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ದೊಡ್ಡ ಕಾರುಗಳನ್ನು ಕೊಂಡು ಮಾರುವವರು. ಅತ್ತೆ ಮನೆಗೆ ಒಂದು ಕಪ್ಪು ಜರ್ಮನ್ ಕಾರಿನಲ್ಲಿ ಬಂದಿಳಿದರು. ಆಂಗಲ್ಲಣ್ಣ ವಾವೆ ಹುಡುಕಿದ. ಹೇಗೋ ಅವರು ಅವನಿಗೆ ಭಾವ ಆದರು. 'ಭಾವ, ನಲವತ್ತು ಸೆಕೆಂಡು. ಮಾರೋ ರೇಟೇ ಬೇರೆ ಆಯ್ತದೆ.' ಮೂರು ಸಾವಿರಕ್ಕೆ ಮಾತಾಯಿತು. ನನಗೆ ಕಾಫಿಯ ಮೇಲೆ ಮಾತಾಯಿತು. ನಿವೃತ್ತ ಮೇಷ್ಟ್ರಿಗೆ ಬೆಳಗಿನ ಆರು ಗಂಟೆಗೆ ಬೇರೆ ಕೆಲಸವೇನು?

ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಹೊಯ್ಸಳರ ಕಾಲದ ಬಸದಿ ಇದೆಯಲ್ಲಪ್ಪ ಅಂದೆ. 'ಬ್ಯಾಡ ಸಾ, ಆ ಗ್ವಾಡೆ ಮುಂದೆ ನಿಲ್ಸುದ್ರೆ ಯಾರೂ ಕಾರ್ ನೋಡಲ್ಲ.' ಇದೊಂದು ಮಾತಿಗೆ ನಾನು ಅವನಿಗೆ ಏಳನೇ ಕ್ಲಾಸಿನಲ್ಲಿ ಕೊಡದ ಅಂಕವನ್ನೆಲ್ಲ ಕೊಟ್ಟೆ. ರೈಲ್ವೆ ಸ್ಟೇಷನ್ ಬೇಡವಾಯಿತು, ಬಿ.ಎಚ್. ರಸ್ತೆಯಲ್ಲಿ ಲಾರಿ. ಕೊನೆಗೆ ತೋಟಗಳ ನಡುವೆ ಒಳಗೆ ಹೋಗುವ ಡಾಂಬರು ರಸ್ತೆ ನಿಶ್ಚಯವಾಯಿತು. ಅಲ್ಲಿಂದ ಸ್ವಿಟ್ಜರ್ಲೆಂಡ್ ತೆಗೆಯಬಹುದು ಅಂತ ಅವನ ಅಂದಾಜು. ಅದಕ್ಕೆ ನಿಟ್ಟೂರನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕಿತ್ತು, ಅಷ್ಟೇ. ಮರುದಿನ ಬೆಳಿಗ್ಗೆ ಬಂದವನೇ ಕಟ್ಟಿದ ಮೇಕೆ ಬಿಚ್ಚಿಸಿದ. ಬೇಲಿ ಮೇಲೆ ಒಣಗುತ್ತಿದ್ದ ಕೌದಿ ತೆಗೆಸಿದ. ಬೀಡಿ ಹಚ್ಚಿ ಕೂತಿದ್ದ ಮೂವರನ್ನು 'ಅಣ್ಣಾ, ಒಸಿ ಆಚೆಗೆ' ಅಂತ ನಾಲೆಯ ಕಡೆ ಸಾಗಹಾಕಿದ.

ಹಂದದೇ ಇದ್ದದ್ದು ಹುರುಳಿ. ಕೊಯ್ಲು ಮುಗಿದಿತ್ತು, ನಮ್ಮ ಕಡೆ ಗೊತ್ತಲ್ಲ, ಕಣ ಮಾಡುವ ಕಾಲ ಹೋಗಿ ಡಾಂಬರು ರಸ್ತೆಯೇ ಕಣವಾಗಿದೆ. ಅಜ್ಜಿಯೊಬ್ಬರು ರಸ್ತೆಯುದ್ದಕ್ಕೂ ಹುರುಳಿ ಗಿಡ ಹಾಸಿ, ಬಸ್ಸು ಟ್ರ್ಯಾಕ್ಟರುಗಳ ದಾರಿ ಕಾಯುತ್ತ ಕೂತಿದ್ದರು.

'ಅಜ್ಜಿ, ಇದ ತೆಗುದ್ ಬುಡು. ಶೂಟಿಂಗ್ ಐತೆ.'

'ಶೂಟಿಂಗ್ ಅಂದ್ರೆ ಕಾರು ಎಷ್ಟು ಸಲ ಓಯ್ತದಪ್ಪ?'

'ಇಪ್ಪತ್ ಸಲ ಓಗ್ಬೋದು.'

ಅಜ್ಜಿ ಎದ್ದು ಹೋಗಿ ಇನ್ನೆರಡು ಹೊರೆ ತಂದು ಹಾಸಿದರು.

ಭಾವನವರ ಮುಖ ನೋಡಬೇಕಿತ್ತು. ಒಣ ಕಡ್ಡಿ ಕಾರಿನಡಿ ಸಿಕ್ಕಿಕೊಂಡು, ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುವುದುಂಟು. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಆಂಗಲ್ಲಣ್ಣ ಅಷ್ಟರಲ್ಲಿ ರಸ್ತೆಗೆ ಗಲ್ಲ ಒತ್ತಿ ಮಲಗಿ ನೋಡಿಬಿಟ್ಟಿದ್ದ. ಚಕ್ರ ಹಾದಾಗ ಹೊಟ್ಟು ಏಳುತ್ತದೆ, ಹೊಟ್ಟಿನೊಳಗೆ ಎಳೆ ಬಿಸಿಲು ತೂರುತ್ತದೆ. 'ಭಾವ, ಇದಕ್ಕೆ ಫಾರಿನ್ನೋರು ಸ್ಮೋಕ್ ಮೆಷಿನ್ ತರ್ತಾರೆ. ನಮ್ಗೆ ಪುಕ್ಕಟೆ.' ಪ್ರತಿ ಸಲ ಹೋಗಿ ಬಂದ ಮೇಲೆ ಬಗ್ಗಿ ನೋಡಿ ಕಡ್ಡಿ ಎಳೆದು ಹಾಕುವ ಒಪ್ಪಂದದ ಮೇಲೆ ಶೂಟಿಂಗ್ ಶುರುವಾಯಿತು. ಬಗ್ಗುವ ಕೆಲಸ ನನ್ನದಲ್ಲ ಅಂತ ನಾನು ಮೊದಲೇ ಹೇಳಿದೆ.

ನನ್ನದು ಥರ್ಮೋಕೋಲ್. ಅದನ್ನು ಸೂರ್ಯನಿಗೆ ತೋರಿಸಿ, ಬೆಳಕನ್ನು ಕಾರಿನ ಹೊಟ್ಟೆಗೆ ತಿರುಗಿಸಬೇಕು. 'ಇಂಗಲ್ಲ ಸಾ, ಅಂಗೆ. ಅಂಗಲ್ಲ ಸಾ, ಇಂಗೆ.' ನಲವತ್ತು ವರ್ಷ ಮಕ್ಕಳ ಕೈ ಮೇಲೆತ್ತಿಸಿ ನಿಲ್ಲಿಸಿದ ಪಾಪ ಒಂದೇ ಬೆಳಗಿನಲ್ಲಿ ತೀರಿತು.

ಕಾರನ್ನು ಚಿತ್ರಿಸುವ ಕಷ್ಟ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಪ್ಪು ಕಾರೆಂದರೆ ನಾಲ್ಕು ಚಕ್ರದ ಕನ್ನಡಿ. ಎದುರಿಗೆ ಏನಿದೆಯೋ ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ನಿಲ್ಲುತ್ತದೆ. ದೊಡ್ಡ ಸ್ಟುಡಿಯೋಗಳಲ್ಲಿ ಕಾರಿನ ನೆತ್ತಿಗೆ ಕಾರಿಗಿಂತ ದೊಡ್ಡ ಬಿಳಿ ಬಟ್ಟೆ ಬಿಗಿದು ಅದಕ್ಕೆ ಬೆಳಕು ಬಿಡುತ್ತಾರೆ. ಆಗ ಮೈಯುದ್ದಕ್ಕೂ ನೀರು ಹರಿದಂತೆ ಒಂದೇ ಬೆಳ್ಳಿಗೆರೆ ಕಾಣುತ್ತದೆ. ಆಂಗಲ್ಲಣ್ಣ ಶಾಮಿಯಾನದ ಬಿಳಿ ಬಟ್ಟೆ ತರಿಸಿದ. ಗೆರೆಯೇನೋ ಬಂತು. ಜೊತೆಗೆ ಶಾಮಿಯಾನದವನ ಫೋನ್ ನಂಬರು ಬಾನೆಟ್ಟಿನ ಮೇಲೆ ಉಲ್ಟಾ ಬಂತು. ಬಟ್ಟೆ ಮಡಿಚಿದ್ದಾಯಿತು.

ಮುಂದಿನ ಗಾಜಿಗೆ ಮಾತ್ರ ಮದ್ದು ಸಿಕ್ಕಿತು. ಭಾವನವರ ಕಣ್ಣಿಂದ ಪೋಲರೈಸ್ಡ್ ತಂಪು ಕನ್ನಡಕ ಬಿಚ್ಚಿಸಿ ಫೋನಿನ ಕಣ್ಣಿಗೆ ಅಡ್ಡ ಹಿಡಿದು ನಿಧಾನ ತಿರುಗಿಸಿದ. ಒಂದು ಕೋನಕ್ಕೆ ಬಂದಾಗ ಗಾಜಿನ ಮೇಲಿದ್ದ ಆಕಾಶ, ತೆಂಗಿನ ಗರಿ ಎಲ್ಲ ಅಳಿಸಿದಂತೆ ಮಾಯವಾಗಿ ಒಳಗಿನ ಸ್ಟೀರಿಂಗು ಕಂಡಿತು. ಮಾಟ ಅಂತ ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. ಗಾಜಿನಿಂದ ಪುಟಿದ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿಗೆ ಕಂಪಿಸುತ್ತದೆ, ಆ ಕನ್ನಡಕ ಅದನ್ನೇ ತಡೆಯುತ್ತದೆ ಅಂತ ನಾನು ಪಾಠ ತೆಗೆದೆ. ಯಾರೂ ಕೇಳಲಿಲ್ಲ. ನೇರ ಎದುರಿನಿಂದ ತೆಗೆದ ಬಾಗಿಲಿನ ಮೇಲೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ ಅನ್ನುವುದನ್ನೂ ಯಾರೂ ಕೇಳಲಿಲ್ಲ, ಆಂಗಲ್ಲಣ್ಣನೂ. ಅದಕ್ಕೆ ಆಮೇಲೆ ಬರುತ್ತೇನೆ.

ಹನ್ನೊಂದನೇ ಟೇಕು. ಕಾರು ತಿರುವಿನಲ್ಲಿ ಹೊಳೆಯುತ್ತ ಬಂತು, ಹೊಟ್ಟು ಎದ್ದಿತು, ಬಿಸಿಲು ಕೂತಿತು, ಫೋನು ಬಡಿದುಕೊಂಡಿತು. ಅವರವ್ವ. 'ತ್ರೀ ಫೇಸ್ ಬಂದೈತೆ ಕಣ್ಲಾ, ಮೋಟ್ರು ಆಕು!' ಕರೆ ಬಂದ ಏಟಿಗೆ ರೆಕಾರ್ಡಿಂಗ್ ಕಡಿದು ಹೋಗಿತ್ತು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದ. ಎರಡನೇ ಕ್ಯಾಮೆರಾ ಅಂತ ಹಾಲಿನ ಕ್ಯಾನಿನ ಮೇಲೆ ಇಟ್ಟಿದ್ದು ನನ್ನ ಫೋನು. ಹದಿಮೂರನೇ ಟೇಕಿನಲ್ಲಿ ಅದು ಬಡಿದುಕೊಂಡಿತು. 'ಮೇಷ್ಟ್ರೇ, ನಮ್ಮುಡ್ಗ ಅಲ್ಲೈತಾ? ಕರೆಂಟ್ ಓಯ್ತದೆ, ಏಳಿ ಒಸಿ.' ಬೆಂಟ್ಲಿಯವರಿಗೆ ತೋಟಕ್ಕೆ ನೀರು ಬಿಡುವ ತಾಪತ್ರಯ ಇರಲಿಲ್ಲ.

ಇನ್ನು ಮೇಲಿನಿಂದ ತೆಗೆಯುವ ಶಾಟು. ಡ್ರೋನ್ ತರಬಹುದಿತ್ತು. ಆದರೆ ನಮ್ಮ ಪಕ್ಕದ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ. 2023ರ ಫೆಬ್ರವರಿಯಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದ್ದು. 'ಅಂತಾ ಕಡೆ ಡ್ರೋನ್ ಎಬ್ಬುಸ್ಬುಟ್ಟು ಯಾರ್ಗೆ ಸಾ ಜವಾಬ್ ಕೊಡಾದು?' ಕಾಯಿ ಕೀಳುವವನನ್ನು ಕರೆಸಿದ. ಅವನು ಮರ ನೋಡಿದ, ಫೋನ್ ನೋಡಿದ. 'ಕಾಯಿ ಕಿತ್ರೆ ಮರಕ್ಕಿಷ್ಟು ಅಂತ ಐತೆ. ಸುಮ್ಕೆ ಕೂರಕ್ಕೆ ಡಬಲ್ಲು' ಅಂದ. ನ್ಯಾಯವೇ, ಮರದ ಮೇಲೆ ಸುಮ್ಮನೆ ಕೂರುವುದು ಅವನ ಕಸುಬಲ್ಲ. ಹತ್ತಿದ. ಸೊಂಟದ ಮಚ್ಚಿನ ಪಕ್ಕ 108 ಮೆಗಾಪಿಕ್ಸೆಲ್.

ಕಾರು ಮರದ ನೆರಳಿಗೆ ಬಂದು ನಿಂತಿತು. ಕೆಳಗಿನಿಂದ ಇವನು ಕೂಗಿದ, 'ಆಕ್ಷನ್!' ಮೇಲಿನಿಂದ ಒಂದು ಒಣ ಗರಿ ಇಳಿದು ಬಂದು ಭಾವನವರ ಬಾಗಿಲಿಗೆ ಒಂದು ಗೇಣು ಪಕ್ಕದಲ್ಲಿ ಬಿತ್ತು. ಅವರು ಕಾರಿನಿಂದ ಇಳಿದರೋ ಹಾರಿದರೋ ತಿಳಿಯಲಿಲ್ಲ.

'ಯಾಕ್ಲಾ ಎಳ್ದೆ?'

'ಒಣಗ್ ನಿಂತಿತ್ತಣ್ಣ. ಕಣ್ಣಿಗ್ ಬಿದ್ಮೇಲೆ ಎಂಗ್ ಬುಡಾದು?'

ಆ ಗರಿ ಬಿದ್ದದ್ದನ್ನು ಸ್ಲೋ ಮೋಷನ್ನಿನಲ್ಲಿ ನೋಡಿದೆ. ದೇವರಾಣೆ, ಇಡೀ ಜಾಹೀರಾತಿನಲ್ಲಿ ಅಷ್ಟು ಚೆಂದದ ಇನ್ನೊಂದು ಶಾಟ್ ಇಲ್ಲ. ನಮ್ಮದು ಗುಬ್ಬಿ ತಾಲ್ಲೂಕು ಸ್ವಾಮಿ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ನೆಲ. ಆ ಕಂಪನಿಯ ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ಆ ಆನೆಯೂ ಎಲ್ಲಾದರೂ ಒಂದು ದಿನ ಸೀನ್ ಬಿಟ್ಟು ಬಾಳೆ ಕಂಬದ ಕಡೆ ಸೊಂಡಿಲು ಚಾಚಿರಬಹುದು ಅಂತ ನನ್ನ ಊಹೆ, ಆಧಾರ ಕೇಳಬೇಡಿ.

ಎಡಿಟಿಂಗು ಶಾಸ್ತ್ರೋಕ್ತವಾಗಿ ಹಿಂದಿನ ಸೀಟಿನಲ್ಲೇ ಆಗಬೇಕು. ಐಪ್ಯಾಡ್ ಇರಲಿಲ್ಲ. ಕೊರೋನಾ ಕಾಲದಲ್ಲಿ ಅಕ್ಕನ ಮಗಳ ಆನ್‌ಲೈನ್ ಕ್ಲಾಸಿಗೆ ಕೊಂಡ ಟ್ಯಾಬ್ ಇತ್ತು, ಮೂಲೆ ಒಡೆದು, ಬೆನ್ನಿಗೆ ಕಾರ್ಟೂನ್ ಬೆಕ್ಕು ಅಂಟಿಸಿಕೊಂಡು. ಭಾವನವರಿಗೆ ಸಂಜೆ ಬೆಂಗಳೂರು ಮುಟ್ಟುವ ಆತುರ. ಗುಬ್ಬಿಯವರೆಗೆ ಕೂತು ಮಾಡಿಕೋ ಅಂದರು. ಎ.ಸಿ. ಹಾಕಿದ ಕಾರು, ಓಡುವ ದಾರಿ, ಬಗ್ಗಿಸಿದ ತಲೆ. ಎರಡನೇ ಕಟ್‌ಗೆ ಆಂಗಲ್ಲಣ್ಣನ ಹೊಟ್ಟೆ ತೊಳಸಿತು. 'ಭಾವ, ಸೈಡಿಗ್ ಆಕಿ' ಅಂದವನು ಇಳಿದು ಬೇಲಿ ಮರೆಗೆ ಓಡಿದ. ಉಳಿದದ್ದನ್ನು ಮನೆ ಜಗಲಿಯ ಮೇಲೆ ಮುಗಿಸಿದ.

ದನಿ ನನ್ನದು. 'ಐಷಾರಾಮಕ್ಕೆ ಇನ್ನೊಂದು ಹೆಸರು' ಅಂತ ಗಂಭೀರವಾಗಿ ಹೇಳಬೇಕಿತ್ತು. ಕೇಳಿದವರೆಲ್ಲ 'ಪುಟ ಹತ್ತು ತೆಗೀರಿ ಅಂದಂಗೈತೆ' ಅಂದರು. ಅಳಿಸಿ ಪಿಟೀಲು ಹಾಕಿದ.

ನಲವತ್ತು ಸೆಕೆಂಡಿನದು ವಾಟ್ಸಾಪಿನಲ್ಲಿ ಊರೆಲ್ಲ ಹರಿದಾಡಿತು. ಅಂಗಡಿಯ ಮುಂದೆ ಒಬ್ಬ, 'ಕಾರ್ ಮುಂದಕ್ಕೋಯ್ತೈತೆ, ಚಕ್ರ ಹಿಂದಕ್ಕೆ ಸುತ್ತತೈತೆ' ಅಂದ. ಕ್ಯಾಮೆರಾ ಸೆಕೆಂಡಿಗೆ ಮೂವತ್ತು ಪಟ ಹಿಡಿಯುತ್ತದೆ, ಒಂದು ಪಟಕ್ಕೂ ಇನ್ನೊಂದಕ್ಕೂ ನಡುವೆ ಚಕ್ರದ ಕಡ್ಡಿ ಮುಂದಿನ ಕಡ್ಡಿಯ ಜಾಗಕ್ಕೆ ಕೂದಲೆಳೆಯಷ್ಟು ಕಡಿಮೆ ತಿರುಗಿದ್ದರೆ ಹಿಂದೆ ಹೋದಂತೆ ಕಾಣುತ್ತದೆ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಬ್ಬ ವಿಡಿಯೋ ನಿಲ್ಲಿಸಿ ಎರಡು ಬೆರಳಲ್ಲಿ ಅಗಲಿಸಿದ.

ಕಾರಿನ ಬಾಗಿಲು. ಅದರೊಳಗೆ ಸೊಟ್ಟಗೆ, ಉದ್ದುದ್ದವಾಗಿ ನಿಟ್ಟೂರು. ಮಂಕಿ ಕ್ಯಾಪು, ಪಂಚೆ, ಥರ್ಮೋಕೋಲ್ ಹೊತ್ತ ನಾನು. ಹುರುಳಿ ತಿರುವಿಹಾಕುತ್ತಿದ್ದ ಅಜ್ಜಿ. ಬಿಚ್ಚಿಸಿ ಕಳಿಸಿದ್ದ ಮೇಕೆ. ನಾಲೆ ಕಡೆಯಿಂದ ವಾಪಸು ಬಂದು ಸಾಲಾಗಿ ಕೂತ ಬೀಡಿಯ ಮೂವರು. ಎಲ್ಲರ ಮುಂದೆ, ಹಿಂಭಾಗ ಎತ್ತಿಕೊಂಡು ರಸ್ತೆ ಮೇಲೆ ಮಲಗಿದ್ದ ಆಂಗಲ್ಲಣ್ಣ. ಆಮೇಲೆ ಕಾರನ್ನು ಯಾರೂ ನೋಡಲಿಲ್ಲ. 'ನಮ್ ದೊಡ್ಡವ್ವ ಬಂದವ್ಳೆ', 'ನಮ್ ಮ್ಯಾಕೆ ಬಂದೈತೆ' ಅಂತ ಬಾಗಿಲನ್ನೇ ಅಗಲಿಸಿ ಸ್ಟೇಟಸ್ಸಿಗೆ ಹಾಕಿಕೊಂಡರು. ಅಳಿಯಂದಿರು ಫೋನ್ ತೆಗೆಯುವುದನ್ನು ನಿಲ್ಲಿಸಿದರು. ಮೂರು ಸಾವಿರ ಮಾತಿನಲ್ಲೇ ಉಳಿಯಿತು.

ಭಾನುವಾರ ಅವನ ಜಗಲಿಗೆ ಹೋದರೆ ಅಜ್ಜಿ ಮೊರ ಹಿಡಿದು ನಿಂತಿದ್ದರು. ಇಪ್ಪತ್ತಮೂರು ಟೇಕಿಗೆ ಒಂದು ಕಾಳೂ ಸಿಪ್ಪೆಯಲ್ಲಿ ಉಳಿದಿರಲಿಲ್ಲವಂತೆ. ಒಕ್ಕಣೆ ಕೂಲಿ ಅಂತ ಎರಡು ಸೇರು ಹುರುಳಿಯನ್ನು ಅವನ ಮನೆಯ ಡಬ್ಬಕ್ಕೆ ಸುರಿದರು.

'ಮುಂದಿನ್ ವಾರ ನಮ್ ಪಕ್ಕದೋರ್ದು ರಾಗಿ ಐತಪ್ಪ' ಅಂದರು.

ಆಂಗಲ್ಲಣ್ಣ ಒಂದು ಕಣ್ಣು ಮುಚ್ಚಿ ಯೋಚಿಸಿದ. ಆಮೇಲೆ ನನ್ನ ಕಡೆ ತಿರುಗಿದ.

'ಸಾ, ನಿಮಗ್ ಗೊತ್ತಿರೋರ್ದು ಯಾರ್ದಾನ ದೊಡ್ ಕಾರಿದ್ರೆ ಏಳಿ. ಬಿಳೀದಾದ್ರೆ ವಾಸಿ.'