ಮೈಲೇಜ್ ಮೀಮಾಂಸೆ: ಸರ್ವಜ್ಞನಗರದ ದ್ವಿಚಕ್ರಿಗಳ ತೈಲಶಾಸ್ತ್ರಕ್ಕೊಂದು ಕಿರುಭಾಷ್ಯ

1. ವಿಷಯ ಪ್ರವೇಶ

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರ, ಮಾರುತಿ ಸೇವಾನಗರ, ನಾಗವಾರಗಳನ್ನೆಲ್ಲ ಒಟ್ಟು ಸೇರಿಸಿ, ಅದಕ್ಕೆ ತ್ರಿಪದಿಕಾರ ಸರ್ವಜ್ಞನ ಹೆಸರಿಟ್ಟರು. ಹೆಸರಿನ ಮಹಿಮೆ ಸುಳ್ಳಾಗಲಿಲ್ಲ. ಈ ವಿಧಾನಸಭಾ ಕ್ಷೇತ್ರದ ಯಾವ ಬೈಕ್ ಸವಾರನನ್ನು ಯಾವ ಸಿಗ್ನಲ್ಲಿನಲ್ಲಿ ಮಾತಿಗೆಳೆದರೂ, ಪೆಟ್ರೋಲ್ ಉಳಿಸುವ ವಿದ್ಯೆಯಲ್ಲಿ ಆತನಿಗೆ ತಿಳಿಯದ್ದು ಏನೂ ಇಲ್ಲ. ಈ ಅಪಾರ ಜ್ಞಾನರಾಶಿ ಇದುವರೆಗೆ ಟೀ ಅಂಗಡಿ, ಪಂಕ್ಚರ್ ಅಂಗಡಿಗಳಲ್ಲಿ ಮೌಖಿಕ ಪರಂಪರೆಯಾಗಿಯೇ ಉಳಿದಿದ್ದು, ವಿಶ್ವವಿದ್ಯಾಲಯಗಳು ಅದನ್ನು ಕಡೆಗಣಿಸಿರುವುದು ವಿಷಾದನೀಯ. ಆ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಶಾಸ್ತ್ರದ ಮೂಲಪ್ರಶ್ನೆ ಎರಡೇ ಪದದ್ದು: "ಎಷ್ಟು ಕೊಡುತ್ತೆ?" ಹೊಸ ಗಾಡಿ ಕೊಂಡವನನ್ನು ನೆಂಟರು, ಆಫೀಸಿನವರು, ಅಪಾರ್ಟ್‌ಮೆಂಟಿನ ವಾಚ್‌ಮನ್ ಎಲ್ಲರೂ ಬೆಲೆ ಕೇಳುವುದಕ್ಕೂ ಮೊದಲು ಕೇಳುವುದು ಇದನ್ನೇ. ಉತ್ತರವೂ ಪರಂಪರಾಗತವಾದದ್ದು: "ಆರಾಮಾಗಿ ಅರವತ್ತು." ಐವತ್ತೇಳೂವರೆ ಎಂದು ಉತ್ತರಿಸಿದ ಸವಾರ ಈ ಕ್ಷೇತ್ರದಲ್ಲಿ ಇನ್ನೂ ಪತ್ತೆಯಾಗಿಲ್ಲ. ಇದರಿಂದ ಹೊರಡುವ ಪ್ರತಿಪಾದ್ಯ ಹೀಗಿದೆ: ಮೈಲೇಜ್ ಎಂಬುದು ಗಾಡಿಯ ಗುಣವಲ್ಲ, ರಸ್ತೆ, ಸರ್ಕಾರ ಮತ್ತು ಸವಾರನ ಸ್ವಾಭಿಮಾನ, ಈ ಮೂರೂ ಕೂಡಿದಾಗ ಹುಟ್ಟುವ ಒಂದು ಸಂಖ್ಯೆ.

ತೈಲದ ಉಗಮವನ್ನೂ ಇಲ್ಲೇ ನಿರೂಪಿಸುವುದು ವಿಹಿತ. ಮಂಗಳೂರಿನಿಂದ ಹಾಸನದ ಮೇಲೆ ಹಾದು ಹೊಸಕೋಟೆ ಬಳಿಯ ದೇವನಗೊಂದಿಗೆ 360 ಕಿಲೋಮೀಟರಿಗೂ ಉದ್ದದ ಕೊಳವೆ ಮಾರ್ಗವಿದೆ. ಪಶ್ಚಿಮ ಘಟ್ಟವನ್ನೇ ತಡೆಯಿಲ್ಲದೆ ಹತ್ತಿ ಬಂದ ಪೆಟ್ರೋಲು, ಟ್ಯಾಂಕರ್ ಏರಿ ನಗರದ ಕಡೆ ಮುಖ ಮಾಡಿದ ಮೇಲೆ ಕೆ.ಆರ್.ಪುರದ ಟ್ರಾಫಿಕ್ಕಿಗೆ ತಲೆಬಾಗುತ್ತದೆ. ಇನ್ನು ಆಡಳಿತದ ಮಾತು. ಕ್ಷೇತ್ರದ ಶಾಸಕ ಕೆ.ಜೆ.ಜಾರ್ಜ್ 2023ರಲ್ಲಿ ರಾಜ್ಯದ ಇಂಧನ ಸಚಿವರಾದಾಗ ದ್ವಿಚಕ್ರಿಗಳು ಪುಳಕಗೊಂಡಿದ್ದರೆ ಅದು ಅಕಾಲಿಕ. ಆ ಖಾತೆ ನೋಡಿಕೊಳ್ಳುವುದು ಕರೆಂಟನ್ನು, ಪೆಟ್ರೋಲನ್ನಲ್ಲ.

2. ಪ್ರಮಾಣ ವಿಚಾರ

ಯಾವುದೇ ಜ್ಞಾನಕ್ಕೆ ನ್ಯಾಯಶಾಸ್ತ್ರದವರು ಹೇಳುವ ಪ್ರಮಾಣಗಳು ನಾಲ್ಕು. ಮೈಲೇಜಿಗೂ ಅಷ್ಟೇ.

ಮೊದಲನೆಯದು ಶಬ್ದಪ್ರಮಾಣ, ಅಂದರೆ ಕಂಪನಿಯ ಮಾತು. ಶೋರೂಮಿನ ಹಾಳೆಯಲ್ಲಿರುವ ಅಂಕಿ ಪುಣೆಯ ಎಆರ್‌ಎಐನಂಥ ಪ್ರಯೋಗಶಾಲೆಯಿಂದ ಬರುತ್ತದೆ. ಅಲ್ಲಿ ಗಾಡಿಯ ಚಕ್ರ ರೋಲರಿನ ಮೇಲೆ ತಿರುಗುತ್ತದೆ, ವೇಗ ಏರಿಳಿಯುವುದೂ ಗೊತ್ತುಪಡಿಸಿದ ಕ್ರಮದಲ್ಲೇ. ಎದುರುಗಾಳಿ ಬೀಸುವುದಿಲ್ಲ, ಹಿಂದಿನ ಸೀಟಿನಲ್ಲಿ ಭಾವಮೈದ ಕೂರುವುದಿಲ್ಲ, ರಾಂಗ್ ಸೈಡಿನಲ್ಲಿ ವಾಟರ್ ಟ್ಯಾಂಕರ್ ಬರುವುದಿಲ್ಲ. ಆದ್ದರಿಂದ ಆ ಅಂಕಿ ಸತ್ಯ. ಆದರೆ ಅದು ರೋಲರಿನ ಮೇಲೆ ವಾಸಿಸುವವರ ಸತ್ಯ.

ಎರಡನೆಯದು ಉಪಮಾನ: "ನಮ್ಮ ಷಡ್ಡಕನ ಗಾಡಿ ಎಪ್ಪತ್ತು ಕೊಡುತ್ತೆ." ಷಡ್ಡಕನ ಗಾಡಿ ಯಾವಾಗಲೂ ಹತ್ತು ಹೆಚ್ಚೇ ಕೊಡುತ್ತದೆ. ಇದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

ಮೂರನೆಯದು ಅನುಮಾನ. ಗಾಡಿಯನ್ನು ಮೇನ್ ಸ್ಟ್ಯಾಂಡಿನಿಂದ ಇಳಿಸಿ, ಎರಡೂ ತೊಡೆಗಳ ನಡುವೆ ಹಿಡಿದು ಅಲ್ಲಾಡಿಸಿ, ಟ್ಯಾಂಕಿನೊಳಗಿನ ಸದ್ದು ಕೇಳಿ ಇಷ್ಟು ದೂರ ಹೋಗಬಹುದು ಎಂದು ನಿರ್ಣಯಿಸುವ ಕ್ರಮ. ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ಇಣುಕುವ ನವ್ಯ ಶಾಖೆಯೂ ಇದರಲ್ಲಿ ಸೇರಿದೆ. ಅನುಮಾನ ತಪ್ಪಿದಾಗ ಒದಗುವುದು ಪಾದಾನುಗ್ರಹ: ಹಿಂದಿನಿಂದ ಬಂದ ಅಪರಿಚಿತ ಸವಾರನೊಬ್ಬ ನಿಂತ ಗಾಡಿಯ ಫುಟ್‌ರೆಸ್ಟಿಗೆ ತನ್ನ ಎಡಗಾಲು ಕೊಟ್ಟು ಮುಂದಿನ ಬಂಕಿನವರೆಗೂ ತಳ್ಳಿಕೊಂಡು ಹೋಗುತ್ತಾನೆ. ಹಣ ಕೇಳುವುದಿಲ್ಲ, ಹೆಸರು ಹೇಳುವುದಿಲ್ಲ. ಅಷ್ಟು ದೂರಕ್ಕೆ ಮೈಲೇಜ್ ಅನಂತ. ಅಪಾಯವೂ ಅಷ್ಟೇ.

ನಾಲ್ಕನೆಯದೇ ಪ್ರತ್ಯಕ್ಷ. ಶಿವಾಜಿನಗರದ ಓಣಿ ಗ್ಯಾರೇಜುಗಳಂಥ ಕಡೆ ಇದರ ಆಚರಣೆ ನೋಡಬೇಕು. ಮೆಕ್ಯಾನಿಕ್ ಟ್ಯಾಂಕಿನ ಪೈಪ್ ಕಳಚಿ, ನೂರು ಎಂಎಲ್ ಪೆಟ್ರೋಲಿರುವ ಬಾಟಲಿಯನ್ನು ಹ್ಯಾಂಡಲಿಗೆ ನೇತುಹಾಕಿ, ಅದರ ನಳಿಕೆಯನ್ನು ಕಾರ್ಬುರೇಟರಿಗೆ ಸಿಕ್ಕಿಸುತ್ತಾನೆ. ಗಾಡಿ ನಿಲ್ಲುವವರೆಗೂ ಓಡಿಸಿ, ಮೀಟರ್ ನೋಡಿ, ಹತ್ತರಿಂದ ಗುಣಿಸುವುದು. ನಿಂತಲ್ಲಿಂದ ಗ್ಯಾರೇಜಿನವರೆಗೆ ತಳ್ಳಿಕೊಂಡು ಬರುವ ದೂರವನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿಲ್ಲ. ಬಳಿಕ ನಡೆಯುವ ವಾದವೂ ಶಾಸ್ತ್ರೋಕ್ತವೇ.

"ಬಾಸ್, ಗಾಡಿ ನಲವತ್ತೂ ಕೊಡ್ತಾ ಇಲ್ಲ."

"ಗಾಡೀಲಿ ಏನೂ ಇಲ್ಲ ಸಾರ್. ನೀವು ಹಾಫ್ ಕ್ಲಚ್‌ನಲ್ಲಿ ಓಡಿಸ್ತೀರ."

ಈ ಉತ್ತರಕ್ಕೆ ಖಂಡನೆ ಇದುವರೆಗೆ ರಚನೆಯಾಗಿಲ್ಲ.

3. ಯುಗ ವಿಭಾಗ

ತೈಲೇತಿಹಾಸವನ್ನು ನಾಲ್ಕು ಯುಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಮಿಶ್ರಯುಗ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಿದ್ದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಕುಲದವು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಆಗ ಮೈಲೇಜಿಗಿಂತ ಹೊಗೆಯೂ ಸದ್ದೂ ಮುಖ್ಯವಾಗಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಭಕ್ತರು ಉಳಿದರು. ಇದೇ ಕುಲದ ಯಮಾಹಾ ಆರ್‌ಎಕ್ಸ್ 100 ಇಟ್ಟುಕೊಂಡವರನ್ನು "ಎಷ್ಟು ಕೊಡುತ್ತೆ" ಎಂದು ಕೇಳುವುದು ಇಂದಿಗೂ ಅಪಚಾರ.

ಎರಡನೆಯದು ವಿಸ್ಮೃತಿಯುಗ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದು ಅದರ ಜಾಹೀರಾತು ಬೋಧಿಸಿತು. ಫೋರ್ ಸ್ಟ್ರೋಕ್ ಎಂಜಿನ್ ಅಷ್ಟು ಕಡಿಮೆ ಕುಡಿಯಿತು ಎಂಬುದು ನಿಜ. ಆದರೆ ಮರೆತುಬಿಡಿ ಎಂದ ದಿನದಿಂದಲೇ ದೇಶದ ಮಧ್ಯಮವರ್ಗ ಮೈಲೇಜನ್ನು ಒಂದು ಕ್ಷಣವೂ ಮರೆಯದಂತಾಯಿತು.

ಮೂರನೆಯದು ಇಂಜೆಕ್ಷನ್ ಯುಗ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾಗಿ, ಹೊಸ ಗಾಡಿಗಳಲ್ಲಿ ಬಹುಪಾಲಿನಿಂದ ಕಾರ್ಬುರೇಟರ್ ಮಾಯವಾಯಿತು. ಪುಟ್ಟ ಸ್ಕ್ರೂಡ್ರೈವರಿನಿಂದ ಏರ್ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಕಿವಿಗೊಟ್ಟು ಆಲಿಸಿ, "ಈಗ ನೋಡಿ ಸಾರ್" ಎನ್ನುತ್ತಿದ್ದ ಒಂದು ಪಂಡಿತ ವರ್ಗ ಅಂದೇ ನೆಲೆ ತಪ್ಪಿತು. ಈಗ ಪೆಟ್ರೋಲ್ ಎಷ್ಟು ಬಿಡಬೇಕೆಂದು ಗಾಡಿಯೊಳಗಿನ ಕಂಪ್ಯೂಟರೇ ತೀರ್ಮಾನಿಸುತ್ತದೆ. ಅದರೊಡನೆ ಚೌಕಾಸಿ ಸಾಧ್ಯವಿಲ್ಲ.

ನಾಲ್ಕನೆಯದು ಧಾನ್ಯಯುಗ, ಅರ್ಥಾತ್ ಇ20. ಇದರ ಪ್ರಾರಂಭೋತ್ಸವ ನಡೆದದ್ದು ಬೆಂಗಳೂರಿನಲ್ಲೇ: 2023ರ ಫೆಬ್ರುವರಿ 6ರಂದು, ಇಂಡಿಯಾ ಎನರ್ಜಿ ವೀಕ್‌ನಲ್ಲಿ, ಪ್ರಧಾನಿಯವರಿಂದ. ಟ್ಯಾಂಕಿನಲ್ಲಿ ಈಗ ಐದರಲ್ಲಿ ಒಂದು ಪಾಲು ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದಾದ ಎಥೆನಾಲ್. ಗಾಡಿಯೂ ಊಟದ ಪಂಕ್ತಿಗೆ ಬಂದಂತಾಯಿತು. ಲೀಟರಿಗೆ ಲೀಟರ್ ತೂಗಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇ20ಗೆಂದು ತಯಾರಾಗದ ಹಳೆಯ ದ್ವಿಚಕ್ರಗಳಲ್ಲಿ ಮೈಲೇಜ್ ಶೇ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಐವತ್ತು ಕೊಡುವ ಗಾಡಿಗೆ ಇದು ಒಂದೂವರೆಯಿಂದ ಎರಡು ಕಿಲೋಮೀಟರಿನ ನಷ್ಟ. ಹಾಫ್ ಕ್ಲಚ್ ಆರೋಪಕ್ಕೆ ಒಳಗಾದವರಿಗೆ ಕೊನೆಗೂ ಒಂದು ಸರ್ಕಾರಿ ಸಾಕ್ಷ್ಯ ಸಿಕ್ಕಿದ್ದು ಹೀಗೆ.

4. ಪಂಥಗಳು ಮತ್ತು ಖಂಡನೆ

ಬೆಸಸಂಖ್ಯಾ ಪಂಥ: ನೂರು, ಇನ್ನೂರಕ್ಕೆ ಹಾಕಿಸಿದರೆ ಮೋಸ, ಯಂತ್ರಕ್ಕೆ ಆ ಸಂಖ್ಯೆಗಳನ್ನು ಮೊದಲೇ ಕಲಿಸಿರುತ್ತಾರೆ ಎಂಬುದು ಈ ಪಂಥದ ನಂಬಿಕೆ. ಆದ್ದರಿಂದ ಅನುಯಾಯಿಗಳು 205, 311 ಎಂದೇ ಕೇಳುತ್ತಾರೆ. ಬಂಕಿನ ಹುಡುಗ "ಝೀರೋ ನೋಡ್ಕೊಳ್ಳಿ ಸಾರ್" ಎಂದು ಬೆರಳು ತೋರಿಸಿದಾಗ ಝೀರೋ ನೋಡಿ, ನಂತರ ಹುಡುಗನನ್ನು ನೋಡಿ, ಮತ್ತೊಮ್ಮೆ ಝೀರೋ ನೋಡುವುದು ಇವರ ವಿಧಿ. ಖಂಡನೆ: ಯಂತ್ರ ಅಳೆಯುವುದು ಪೆಟ್ರೋಲನ್ನು, ರೂಪಾಯಿ ಅದರಿಂದ ಬರುವ ಗುಣಾಕಾರ, ಅಳತೆಯೇ ಕೆಟ್ಟಿದ್ದರೆ 311ಕ್ಕೂ ಅಷ್ಟೇ ಮೋಸ. ಅನುಮಾನವಿದ್ದವರು ಬಂಕಿನಲ್ಲಿರಲೇಬೇಕಾದ ಮುದ್ರೆಯೊತ್ತಿದ ಐದು ಲೀಟರ್ ಅಳತೆ ಪಾತ್ರೆ ತರಿಸಿ ಪರೀಕ್ಷಿಸಬಹುದು. ಇದು ಗ್ರಾಹಕರ ಹಕ್ಕು. ಹಿಂದೆ ನಿಂತ ಹದಿನೈದು ಗಾಡಿಗಳ ಹಾರ್ನ್ ಸಹಿಸುವ ಎದೆಗಾರಿಕೆ ಮಾತ್ರ ಬೇಕು.

ಉಷಃಕಾಲ ಪಂಥ: ತಂಪು ಹೊತ್ತಿನಲ್ಲಿ ಪೆಟ್ರೋಲ್ ಕುಗ್ಗಿರುತ್ತದೆ, ಲೀಟರಿನಲ್ಲಿ ಹೆಚ್ಚು ಸಿಗುತ್ತದೆ ಎನ್ನುವವರು. ಭೌತಶಾಸ್ತ್ರ ಇವರ ಪಕ್ಷದಲ್ಲಿದೆ: ಒಂದು ಡಿಗ್ರಿಗೆ ಪೆಟ್ರೋಲ್ ಹಿಗ್ಗುವುದು ಸುಮಾರು ಸಾವಿರದಲ್ಲಿ ಒಂದು ಭಾಗ. ಭೂಗರ್ಭ ಇವರ ವಿರುದ್ಧವಿದೆ: ಬಂಕಿನ ಟ್ಯಾಂಕು ನೆಲದಡಿ ಇರುವುದರಿಂದ ಹಗಲು ರಾತ್ರಿ ಅದರ ಉಷ್ಣಾಂಶ ಹೆಚ್ಚು ಬದಲಾಗದು. ಆದರೂ ಈ ಪಂಥಕ್ಕೆ ಒಂದು ಲಾಭವುಂಟು. ಹೊಸ ದರ ಜಾರಿಗೆ ಬರುವುದು ಬೆಳಿಗ್ಗೆ ಆರಕ್ಕೆ. ಐದೂವರೆಗೆ ಎದ್ದವನಿಗೆ ನಿನ್ನೆಯ ದರ.

ನ್ಯೂಟ್ರಲ್ ಪಂಥ: ಲಿಂಗರಾಜಪುರದ ಮೇಲ್ಸೇತುವೆಯ ನೆತ್ತಿ ತಲುಪುತ್ತಲೇ ಗಾಡಿ ನ್ಯೂಟ್ರಲ್ ಮಾಡಿ ಜಾರುವವರು. ಕಾರ್ಬುರೇಟರ್ ಕಾಲದಲ್ಲಿ ಇದಕ್ಕೆ ತುಸು ಅರ್ಥವಿತ್ತು. ಇಂಜೆಕ್ಷನ್ ಗಾಡಿಗಳಲ್ಲಿ ಅನೇಕವು, ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ತಿರುಗಲು ಮಾತ್ರ ಕುಡಿಯಲೇಬೇಕು. ಉಳಿತಾಯಕ್ಕೆಂದು ಮಾಡಿದ್ದೇ ಖರ್ಚು.

ಪ್ರದಕ್ಷಿಣ ಪಂಥ: ಬಂಕಿನಿಂದ ಬಂಕಿಗೆ ಹತ್ತು ಪೈಸೆ ವ್ಯತ್ಯಾಸವಿದೆಯೆಂದು ಸುತ್ತುವವರು. ಎರಡು ಲೀಟರಿಗೆ ಇಪ್ಪತ್ತು ಪೈಸೆ ಉಳಿಸಲು ಎರಡು ಕಿಲೋಮೀಟರ್ ಹೆಚ್ಚು ಓಡಿಸಿದರೆ ನಾಲ್ಕು ರೂಪಾಯಿ ಕೈಬಿಡುತ್ತದೆ. ಈ ಪಂಥ ಸಾರ್ಥಕವಾಗುವುದು ಗಡಿಯಲ್ಲಿ ಮಾತ್ರ. 2023ರ ಏಪ್ರಿಲ್‌ನಿಂದ ಕೇರಳ ಲೀಟರಿಗೆ ಎರಡು ರೂಪಾಯಿ ಸೆಸ್ ಹಾಕಿದ ಮೇಲೆ ಮಂಜೇಶ್ವರ, ಕಾಸರಗೋಡಿನ ಕಡೆಯವರಿಗೆ ತಲಪಾಡಿ ದಾಟಿ ಕರ್ನಾಟಕದ ಬಂಕಿನಲ್ಲಿ ಟ್ಯಾಂಕ್ ತುಂಬಿಸಲು ಇನ್ನೊಂದು ಕಾರಣ ಸಿಕ್ಕಿತು.

5. ಬೆಲೆಯ ಪಂಚಾಂಗ

2010ರ ಜೂನಿನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ದರವನ್ನು ನಿಯಂತ್ರಣಮುಕ್ತಗೊಳಿಸಿತು. 2017ರ ಜೂನ್ 16ರಿಂದ ದರ ದಿನಾ ಬದಲಾಗತೊಡಗಿತು. ಮಾರುಕಟ್ಟೆ ಹೇಳಿದಂತೆ ದರ ಎಂಬುದು ಸಿದ್ಧಾಂತ. ಗ್ರಹಗತಿ ಗಮನಿಸಿದರೆ ಬೇರೆಯೇ ಕಾಣುತ್ತದೆ.

2018ರ ಮೇ 12ರಂದು ಕರ್ನಾಟಕದಲ್ಲಿ ಮತದಾನ. ಅದಕ್ಕೆ ಮುಂಚೆ ಸುಮಾರು ಹತ್ತೊಂಬತ್ತು ದಿನ ದಿನದರ ಅಲುಗಾಡಲಿಲ್ಲ; ಮತ ಪೆಟ್ಟಿಗೆ ಸೇರಿದ ಬೆನ್ನಿಗೇ, ಮೇ 14ರಿಂದ ಮತ್ತೆ ಏರಿತು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದಾ ದರ ಸೊನ್ನೆಗಿಂತ ಕೆಳಗಿಳಿದು, ಒಯ್ಯುವವನಿಗೇ ದುಡ್ಡು ಕೊಡುವ ಪರಿಸ್ಥಿತಿ ಬಂತು. ಸರ್ವಜ್ಞನಗರದವರೆಗೆ ಆ ದುಡ್ಡು ತಲುಪಲಿಲ್ಲ. ಮೇ ತಿಂಗಳಲ್ಲಿ ಕೇಂದ್ರ ಲೀಟರಿಗೆ ಹತ್ತು ರೂಪಾಯಿ ಅಬಕಾರಿ ಸುಂಕ ಏರಿಸಿತು. 2021ರ ಜೂನಿನಲ್ಲಿ ಬೆಂಗಳೂರಿನ ದರ ನೂರು ದಾಟಿತು. 2024ರ ಮಾರ್ಚಿನಲ್ಲಿ, ಲೋಕಸಭಾ ಚುನಾವಣೆಗೆ ಮುಂಚೆ, ದರ ಎರಡು ರೂಪಾಯಿ ಇಳಿಯಿತು. ಜೂನಿನಲ್ಲಿ, ಫಲಿತಾಂಶ ಬಂದ ಮೇಲೆ, ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿ ಮೂರು ರೂಪಾಯಿ ಸೇರಿಸಿತು. ಎರಡು ಸರ್ಕಾರ, ಎರಡು ಪಕ್ಷ. ದ್ವಿಚಕ್ರಿಗೆ ಒಂದೇ ಜೇಬು.

ಈ ಪಂಚಾಂಗದಲ್ಲಿ ಎತ್ತಿನಗಾಡಿಗೆ ವಿಶೇಷ ಸ್ಥಾನವಿದೆ. 1973ರ ನವೆಂಬರಿನಲ್ಲಿ ವಾಜಪೇಯಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದು ಇಂದಿರಾ ಸರ್ಕಾರದ ಬೆಲೆಯೇರಿಕೆಯನ್ನು ಪ್ರತಿಭಟಿಸಿದರು. 2021ರ ಸೆಪ್ಟೆಂಬರಿನಲ್ಲಿ ಸಿದ್ದರಾಮಯ್ಯ ಮತ್ತು ಡಿ.ಕೆ.ಶಿವಕುಮಾರ್ ಅಧಿವೇಶನಕ್ಕೆ ಎತ್ತಿನಗಾಡಿಯಲ್ಲೇ ಬಂದರು. 2024ರಲ್ಲಿ ಬೀದಿಗಿಳಿಯುವ ಸರದಿ ಬಿಜೆಪಿಯದಾಯಿತು. ಸಂಶೋಧನೆಯಿಂದ ತಿಳಿಯುವುದೇನೆಂದರೆ, ಎತ್ತುಗಳಿಗೆ ಪಕ್ಷವಿಲ್ಲ. ಅವು ಯಾವಾಗಲೂ ವಿರೋಧ ಪಕ್ಷದಲ್ಲಿರುತ್ತವೆ.

6. ಸಿದ್ಧಾಂತ

ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಆದ್ದರಿಂದ ಗಂಟೆಗೆ 45 ಕಿಲೋಮೀಟರ್ ಆಸುಪಾಸಿನಲ್ಲಿ ಒಂದೇ ಸಮನೆ ಓಡಿಸಿ ಎಂಬುದು ಬಲ್ಲವರ ಬುದ್ಧಿವಾದ. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರಿಗೆ ಹಿಡಿದದ್ದು 29 ನಿಮಿಷ 10 ಸೆಕೆಂಡು, ಅಂದರೆ ಗಂಟೆಗೆ ಇಪ್ಪತ್ತರ ಮೇಲೊಂದಿಷ್ಟು. ಹೀಗಾಗಿ ಮಿತವೇಗದ ಉಪದೇಶ ಇಲ್ಲಿ ರಾತ್ರಿ ಹನ್ನೊಂದರ ಮೇಲೆ ಮಾತ್ರ ಅನ್ವಯ.

2025ರ ದರ ಲೀಟರಿಗೆ 103 ರೂಪಾಯಿ ಆಸುಪಾಸು. ಐವತ್ತು ಕೊಡುವ ಗಾಡಿಗೆ ಕಿಲೋಮೀಟರಿಗೆ ಎರಡು ರೂಪಾಯಿ ಚಿಲ್ಲರೆ. ಅದೇ ಮನೆಯ ಹೆಂಗಸರು 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಬಿಎಂಟಿಸಿಯಲ್ಲಿ ಸೊನ್ನೆ ರೂಪಾಯಿಗೆ ಓಡಾಡುತ್ತಿದ್ದು, ಸಂಜೆ ಗಂಡನ ಮೈಲೇಜ್ ಪ್ರವಚನವನ್ನು ಅಪಾರ ಸಹನೆಯಿಂದ ಕೇಳುತ್ತಾರೆ.

ಎಲ್ಲ ಪಂಥಗಳನ್ನೂ ಜಾಲಿಸಿದ ಮೇಲೆ ಉಳಿಯುವುದು ನಾಲ್ಕೇ ಕೆಲಸ: ಉದ್ದದ ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸುವುದು, ಏರ್ ಫಿಲ್ಟರ್ ಚೊಕ್ಕಟವಾಗಿಡುವುದು, ಚೈನಿಗೆ ಎಣ್ಣೆ ಬಿಡುವುದು, ಟೈರಿಗೆ ಗಾಳಿ ಹಿಡಿಸುವುದು. ಕೊನೆಯದಕ್ಕೆ ಬಂಕಿನಲ್ಲಿ ದುಡ್ಡು ಕೊಡಬೇಕಾಗಿಲ್ಲ. ಗ್ರಾಹಕರಿಗೆ ಗಾಳಿ ಉಚಿತವಾಗಿ ಒದಗಿಸಬೇಕೆಂಬ ನಿಯಮವೇ ಇದೆ. ಆದ್ದರಿಂದ ಮುಂದಿನ ಸಲ 311 ರೂಪಾಯಿಗೆ ಹಾಕಿಸಿ, ಝೀರೋ ನೋಡಿ ಮುಗಿದ ಮೇಲೆ, ಮೂಲೆಯಲ್ಲಿರುವ ಗಾಳಿ ಪೈಪಿನ ಹತ್ತಿರಕ್ಕೂ ಗಾಡಿ ತಳ್ಳಿಕೊಂಡು ಹೋಗಿ. ಅಲ್ಲಿ ಕ್ಯೂ ಇರುವುದಿಲ್ಲ.