ಶರೀಫಜ್ಜಗ ಗಿಟಾರು

ನಮ್ಮ ಕಡೆಯ ದೊಡ್ಡ ಹಾಡುಗಾರ ಯಾರು ಅಂತ ಹೊರಗಿನವರು ಕೇಳಿದರೆ ಮಾಸೂರಿನವರ ಬಾಯಿಗೆ ಮೊದಲು ಬರುವ ಹೆಸರು ಸರ್ವಜ್ಞನದು. ಅಬಲೂರಿನವರು ತಾಯಿಯ ಊರು ತಮ್ಮದೆಂದು ಪಾಲು ಕೇಳುತ್ತಾರೆ. ಅಪ್ಪ ಬಸವರಸ ಮಾಸೂರಿನವನಲ್ಲವೇ ಎಂದು ನಾವು ಜಗ್ಗುತ್ತೇವೆ. ಆ ವ್ಯಾಜ್ಯ ಬಗೆಹರಿಯುವಂಥದ್ದಲ್ಲ, ಇರಲಿ. ಆದರೆ ಸರ್ವಜ್ಞನನ್ನು ಜನ ಹೇಳುತ್ತಾರೆಯೇ ಹೊರತು ಹಾಡುವುದಿಲ್ಲ. ಬೀಸುವ ಕಲ್ಲಿನ ಮುಂದೆ ಅವ್ವಂದಿರು ಹಾಡಿದ್ದೂ ತ್ರಿಪದಿಯನ್ನೇ, ಆದರೂ ಸರ್ವಜ್ಞನ ತ್ರಿಪದಿ ಪಂಚಾಯ್ತಿ ಕಟ್ಟೆಯ ಮೇಲೆ ಗಾದೆಯಾಗಿ ಕೂತುಬಿಟ್ಟಿತು. ಹಾಡು ಬೇಕೆಂದರೆ ಶಿಗ್ಗಾವಿ ತಾಲೂಕಿಗೇ ಹೋಗಬೇಕು, ಶಿಶುನಾಳಕ್ಕೆ.

ಈ ಮಾತು ಎದ್ದದ್ದು ಹಿತ್ತಲ ಬೇಲಿಯ ಮೇಲೆ. ಬಾಜೂಮನಿ ಕಾಕಾ ಗೋವಿನಜೋಳ ಹರವುತ್ತಿದ್ದರು. ಅವರ ಮೊಮ್ಮಗ ಮೊಬೈಲಿನಲ್ಲಿ ಶರೀಫರ ಗುಡುಗುಡಿ ಹಾಡು ಹಚ್ಚಿದ್ದ, ರಘು ದೀಕ್ಷಿತ್ ಹಾಡಿದ್ದು. ಕಾಕಾ ನಮ್ಮೂರ ಭಜನಿ ಮೇಳದಲ್ಲಿ ತಾಳ ಹಿಡಿಯುವವರು. ಅವರ ಕಿವಿಗೆ ಒಮ್ಮೆ ಬಿದ್ದ ಧಾಟಿ ಅಲ್ಲೇ ಗೂಟ ಹೊಡಕೊಂಡು ಕೂಡುತ್ತದೆ.

"ಇದೇನ ತಮ್ಮಾ, ಶರೀಫಜ್ಜಗ ಪ್ಯಾಂಟ ಹಾಕ್ಸ್ಯಾರಲ್ಲೋ!"

"ಪ್ಯಾಂಟ ಎಲ್ಲಿ ಬಂತ ಕಾಕಾ? ಆ ಹಾಡಾಂವ ಲುಂಗಿ ಉಟಗೊಂಡು, ಕಾಲಿಗೆ ಗೆಜ್ಜಿ ಕಟಗೊಂಡು ಹಾಡ್ತಾನ. ಪ್ಯಾಂಟ ಹಾಕ್ಕೊಂಡದ್ದು ಗಿಟಾರು."

"ಅದನ್ನ ನಾನೂ ಹೇಳೂದು. ಶರೀಫ ಸಾಹೇಬ್ರು ಸಂತರು. ಸಂತರಿಗೆ ಇಂಥಾದ್ದೆಲ್ಲಾ ಶೋಭಾ ಅಲ್ಲ."

ನನ್ನ ತಕರಾರು ಶುರುವಾದದ್ದು ಇಲ್ಲಿಯೇ. ಸಂತ ಅಂದುಬಿಟ್ಟೆವು, ಅಲ್ಲಿಗೆ ಆತ ಹಾಡುಗಾರ ಅನ್ನುವುದನ್ನು ಮರೆತೆವು. ಶರೀಫರ ಬಗ್ಗೆ ಪುಸ್ತಕಗಳಿವೆ, ಭಾಷಣಗಳಿವೆ. ಎಲ್ಲರೂ ಮಾತಾಡುವುದು ಭಾವೈಕ್ಯದ ಬಗ್ಗೆ: ಸಾಬರ ಹುಡುಗ, ಬ್ರಾಹ್ಮಣ ಗುರು, ಕಳಸದ ಗೋವಿಂದ ಭಟ್ಟರು ಹಾಕಿದ ಜನಿವಾರ. ಇಲ್ಲದಿದ್ದರೆ ಬೆಡಗಿನ ಅರ್ಥದ ಬಗ್ಗೆ: ಕೋಡಗ ಅಂದರೇನು, ಕೋಳಿ ಅಂದರೇನು. ಆ ಮನುಷ್ಯ ಹಾಡು ಕಟ್ಟಿ, ಧಾಟಿ ಹೊಂದಿಸಿ, ತಾನೇ ಹಾಡಿ, ಊರೂರಿಗೆ ಹಂಚಿ ಹೋದನಲ್ಲ, ಆ ಕಸುಬಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಹರೆಯದಲ್ಲಿ ಬಯಲಾಟದ ಗೀಳಿತ್ತು ಅನ್ನುತ್ತಾರೆ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿಗೆ ಪದ ಕಟ್ಟಿ ಕೊಡುತ್ತಿದ್ದ. ಹೆಜ್ಜೆಗೆ ಪದ ಕಟ್ಟುವವನಿಗೆ ಕಾಲಿನ ಲೆಕ್ಕ ಗೊತ್ತಿರಬೇಕು, ದಮ್ಮು ಎಲ್ಲಿ ತೀರುತ್ತದೆ ಅನ್ನುವುದು ಗೊತ್ತಿರಬೇಕು. ವೇದಾಂತ ಓದಿದರೆ ಅದು ಬರುವುದಿಲ್ಲ.

"ಅದು ಖರೇ," ಅಂದರು ಕಾಕಾ. "ಅವರ ಪದದಾಗ ಉಸಿರು ಹಿಡ್ಯೂದು ಗೊತ್ತಾಗೂದಿಲ್ಲ. ಬ್ಯಾರೇದವ್ರ ತತ್ವಪದಾ ಹಾಡಾಕ ಹೋದ್ರ ನಡುವ ಏದುಸಿರು ಬರ್ತೈತಿ."

ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿದ್ದು 1889ರಲ್ಲಿ. ಎಡಿಸನ್ ಅಮೆರಿಕದಲ್ಲಿ ದನಿ ಹಿಡಿಯುವ ಯಂತ್ರ ಮಾಡಿದಾಗ ನಮ್ಮಜ್ಜ ಇನ್ನೂ ಇದ್ದ. ಆದರೆ ಆ ಯಂತ್ರ ನಮ್ಮ ದೇಶದಲ್ಲಿ ವ್ಯಾಪಾರಕ್ಕೆ ಇಳಿದು, ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಟ್ಟೆಗೆ ಹಾಡುವ ಹೊತ್ತಿಗೆ 1902 ಆಗಿತ್ತು. ಹದಿಮೂರೇ ವರ್ಷ ತಪ್ಪಿತು. ತಪ್ಪದಿದ್ದರೂ ಎಂಬತ್ತು ದಾಟಿದ ಶಿಶುನಾಳದ ಮುದುಕನನ್ನು ಹುಡುಕಿಕೊಂಡು ಗ್ರಾಮಫೋನ್ ಕಂಪನಿಯ ಸಾಹೇಬ ಚಕ್ಕಡಿ ಹತ್ತಿ ಬರುತ್ತಿದ್ದ ಅನ್ನುವ ಭರವಸೆ ನನಗಿಲ್ಲ. ಹೀಗಾಗಿ ಪದಗಳು ಪುಸ್ತಕದಲ್ಲಿ ಉಳಿದವು, ಧಾಟಿ ಬಾಯಲ್ಲಿ ಉಳಿಯಿತು. ಬಾಯಿ ಅಂದರೆ ಕಾಕಾನಂಥವರದು.

ಆ ಬಾಯಿಯ ಹಾಡು ಹೇಗಿರುತ್ತದೆ ಅನ್ನುವುದನ್ನು ಕೇಳಬೇಕಾದರೆ ಗುಡಿಗೆ ಹೋಗಬೇಡಿ, ಸತ್ತವರ ಮನೆಗೆ ಹೋಗಿ. ನಮ್ಮ ಕಡೆ ಯಾರಾದರೂ ತೀರಿದರೆ ಹೆಣದ ಮುಂದೆ ರಾತ್ರಿಯೆಲ್ಲ ಭಜನಿ. ಒಂದು ಹಾರ್ಮೋನಿಯಂ, ಒಂದು ತಬಲಾ, ಒಂದು ದಮ್ಮಡಿ, ನಾಲ್ಕಾರು ಜೋಡಿ ತಾಳ. ಮುಂದಿನವ ಪಲ್ಲ ಎತ್ತುತ್ತಾನೆ, ಹಿಂದಿನವರು ಅದನ್ನೇ ತಿರುಗಿ ಎತ್ತುತ್ತಾರೆ, ಅವ ಮತ್ತೆ ಅದನ್ನೇ ಬೇರೆ ಕಡೆಯಿಂದ ಹಿಡಿಯುತ್ತಾನೆ. ಹೀಗೇ ಸುತ್ತಿ ಸುತ್ತಿ ಒಂದು ನುಡಿ ಮುಗಿಯುವುದರೊಳಗೆ ಒಂದು ಸುತ್ತಿನ ಚಹಾ ಬಂದು ಹೋಗಿರುತ್ತದೆ. ನಡುರಾತ್ರಿ ದಾಟಿದ ಮೇಲೆ ಲಯ ಏರುತ್ತದೆ. ನಿದ್ದೆ ಬಾರದಿರಲಿ ಅಂತಲೂ ಇರಬಹುದು. ಬಿದ್ದೀಯ, ಜೋಕೆ ಅಂತ ಮುದುಕಿಯನ್ನು ಎಚ್ಚರಿಸುವ ಹಾಡನ್ನು ಅಲ್ಲಿ ಕೇಳಬೇಕು. ಅಲ್ಲಿ ಯಾರೂ ಅದರ ಅರ್ಥ ಬಿಡಿಸಿ ಹೇಳುವುದಿಲ್ಲ, ಎದುರಿಗೇ ಮಲಗಿರುತ್ತದೆ. ಹಿಮ್ಮೇಳದಲ್ಲಿ ಎರಡು ತಾಸಿನ ಹಿಂದೆ ಅತ್ತು ಮುಗಿಸಿದ ಮಗನೂ ಇರುತ್ತಾನೆ.

ಇದು ಮೊದಲನೇ ಶರೀಫ. ಎರಡನೆಯವನು ಕ್ಯಾಸೆಟ್ಟಿನವನು.

ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಅನ್ನಿಸಿಕೊಂಡ, ಮೈಸೂರು ಅನಂತಸ್ವಾಮಿ ಸಂಗೀತ ಕೂಡಿಸಿದ ನಿಸಾರ್ ಅಹಮದರ ನಿತ್ಯೋತ್ಸವ 1978ರಲ್ಲಿ ಬಂತು. ಆಮೇಲೆ ದಾರಿ ತೆರೆಯಿತು. ಬೆಂಗಳೂರಿನಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರಿಗೆ ಶರೀಫರ ಹುಚ್ಚು ಎಷ್ಟಿತ್ತೆಂದರೆ ಜನ ಅವರನ್ನೇ ಶರೀಫ ಭಟ್ಟರು ಅಂತ ಕರೆದರು. ಆ ಹುಚ್ಚು ಸಿ. ಅಶ್ವಥ್‌ರಿಗೂ ತಗುಲಿತು. ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡು ಹಾಡು ಕಟ್ಟುತ್ತಿದ್ದ ಮನುಷ್ಯ. ಆತ ಶರೀಫರನ್ನು ಎತ್ತಿಕೊಂಡದ್ದೇ ತಡ, ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಹಿಡಿದು ಮದುವೆಯ ಮೈಕಿನ ತನಕ ಎಲ್ಲ ಕಡೆ ಅವರೇ. ಶಿವಮೊಗ್ಗ ಸುಬ್ಬಣ್ಣನವರ ತುಂಬು ದನಿಯೂ ಜೊತೆಗೂಡಿತು.

ಆಗ ಏನಾಯಿತು ನೋಡಿ. ಕ್ಯಾಸೆಟ್ಟಿನ ಒಂದು ಬದಿ ಅರ್ಧ ತಾಸು. ಅದರಲ್ಲಿ ಐದಾರು ಹಾಡು ಕೂಡಬೇಕೆಂದರೆ ಒಂದೊಂದು ಐದಾರು ನಿಮಿಷಕ್ಕೆ ಮುಗಿಯಲೇಬೇಕು. ರಾತ್ರಿಯಿಡೀ ಸುತ್ತುತ್ತಿದ್ದ ಹಾಡಿಗೆ ಅಳತೆ ಬಂತು. ಹಿಮ್ಮೇಳ ಹೋಯಿತು, ಅದರ ಜಾಗದಲ್ಲಿ ಕೊಳಲು, ಪಿಟೀಲು ಬಂದವು. ಪದ ಒಬ್ಬನ ಅಳಲಾಯಿತು. ಅಶ್ವಥ್ ಮೇಲಿನ ಸ್ವರಕ್ಕೆ ಏರಿ ಕೂಗಿದರೆ ಮೈ ಜುಂ ಅನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಕೂತು ಕೇಳುವ ಹಾಡು. ನಾವು ಬಾಯಿ ಮುಚ್ಚಿಕೊಂಡೆವು.

"ಹಂಗನ್ನಬ್ಯಾಡ," ಕಾಕಾ ತಡೆದರು. "ಅಶ್ವಥ್ ಬರೂದಕಿಂತ ಮೊದ್ಲ ಬೆಂಗಳೂರಾಗ ಯಾರಿಗೆ ಗೊತ್ತಿತ್ತು ಶಿಶುನಾಳ ಎಲ್ಲೈತಿ ಅಂತ?"

ಅದೂ ಖರೆ. ನಾನೇನು ಅಶ್ವಥ್‌ರನ್ನು ಬೈಯುತ್ತಿಲ್ಲ. ಇದೇ ಕೆಲಸವನ್ನು ಸೂಳೇಭಾವಿಯ ಹುಡುಗ ಕುಮಾರ ಗಂಧರ್ವರು ಕಬೀರನಿಗೆ ಮಾಡಿದರಲ್ಲ. ಕ್ಷಯ ಹಿಡಿದು, ಹವೆ ಬದಲಿಗೆಂದು ಮಾಳವದ ದೇವಾಸಕ್ಕೆ ಹೋಗಿ ಬಿದ್ದುಕೊಂಡವರು, ಅಲ್ಲಿಯ ಜೋಗಿಗಳ ಬಾಯಲ್ಲಿ ನಿರ್ಗುಣಿ ಭಜನ ಕೇಳಿ ಅದಕ್ಕೊಂದು ಹೊಸ ಮೈ ಕೊಟ್ಟರು. ಆದರೂ ಒಂದು ಫರಕು ಇದೆ. ಕುಮಾರರು ಎದ್ದುಹೋದ ಮೇಲೂ ಮಾಳವದ ಮಂಡಳಿಗಳು ತಮ್ಮದೇ ಧಾಟಿಯಲ್ಲಿ ಹಾಡಿದವು. ನಮ್ಮಲ್ಲಿ ಮಾತ್ರ ಕ್ಯಾಸೆಟ್ಟು ಬಂದು ಹೋದ ಎಷ್ಟೋ ಊರುಗಳ ಭಜನಿ ಮೇಳದವರು ತಮ್ಮ ಧಾಟಿ ಬಿಟ್ಟು ಕ್ಯಾಸೆಟ್ಟಿನ ಧಾಟಿಯಲ್ಲೇ ಹಾಡತೊಡಗಿದರು. ಶರೀಫರ ಪದವನ್ನು ಶರೀಫರ ನೆರೆಯವರೇ ಬೆಂಗಳೂರಿನಿಂದ ಕಲಿಯಬೇಕಾಯಿತು!

1990ರಲ್ಲಿ ನಾಗಾಭರಣರ ಸಂತ ಶಿಶುನಾಳ ಶರೀಫ ಸಿನಿಮಾ ಬಂತು. ಶರೀಫನಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ, ಸಂಗೀತ ಅಶ್ವಥ್‌ರದೇ. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿಯೂ ಸಿಕ್ಕಿತು. ಹೆಸರಿನಲ್ಲೇ ಸಂತ ಅಂತ ಬಂದ ಮೇಲೆ ಮುಗಿಯಿತು. ಅಲ್ಲಿಂದ ಮುಂದೆ ಶರೀಫ ಅಂದರೆ ನಮ್ಮ ಕಣ್ಣಿಗೆ ಕಟ್ಟುವುದು ಶ್ರೀಧರರ ಮುಖ, ಕಿವಿಗೆ ಅಶ್ವಥ್‌ರ ದನಿ. ಶಿಶುನಾಳದ ಗದ್ದುಗೆಗೆ ಹೋಗಿ ಸಕ್ಕರೆ ಓದಿಸುವವರೂ ಕಾಯಿ ಒಡೆಸುವವರೂ ಗುನುಗುವುದು ಅದೇ ಧಾಟಿ.

ಸೋರುವ ಮಾಳಿಗೆಯ ಹಾಡನ್ನೇ ತಗೊಳ್ಳಿ. ನಮ್ಮದು ಮಲೆನಾಡ ಸೆರಗು, ಹಂಚಿನ ಮನೆ ಜಾಸ್ತಿ. ಮಂಗ ಹಾರಿ ಹಂಚು ಸರಿದರೆ ಹನಿ ಬೀಳುತ್ತದೆ, ಕೋಲಿನಿಂದ ನೂಕಿದರೆ ನಿಲ್ಲುತ್ತದೆ. ಆದರೆ ಕುಂದಗೋಳದ ಬಯಲುಸೀಮೆ ಕಡೆ ಮಣ್ಣಿನ ಮಾಳಿಗೆ. ಮಿರಗದ ಮಳೆಗೆ ಮೊದಲೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಏಣಿ ಹತ್ತಿ ಮೇಲೆ ಹರವಿ ತುಳಿಯಬೇಕು. ತಪ್ಪಿದರೆ ತೊಲೆ ನೆನೆದು, ಜಂತೆ ನೆನೆದು, ಒಂದು ಕಡೆ ಪಾತ್ರೆ ಇಟ್ಟರೆ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಅಶ್ವಥ್ ಹಾಡಿದಾಗ ಅದು ಜನ್ಮದ ಸೋರಿಕೆ. ಕಾಕಾನ ಮೇಳ ಹಾಡಿದಾಗ ಅದು ಮೊದಲು ಮಾಳಿಗೆ, ಆಮೇಲೆ ಜನ್ಮ. ನಡುವೆ ಒಂದು ನಗೆಯೂ ಇರುತ್ತದೆ, ಏಣಿ ಹತ್ತಲಾರದ ಸೋಮಾರಿ ಗಂಡನನ್ನು ಹೆಂಡತಿ ಮೂದಲಿಸಿದಂತೆ. ಕ್ಯಾಸೆಟ್ಟಿನಲ್ಲಿ ನನಗೆ ಆ ನಗೆ ಸಿಗಲಿಲ್ಲ.

ನನಗೆ ಅದು ಮತ್ತೆ ಸಿಕ್ಕದ್ದು, ಕಾಕಾಗೆ ಹೇಳಿದರೆ ಸಿಟ್ಟು ಬರುತ್ತದೆ, ಗಿಟಾರಿನವನ ಹತ್ತಿರ. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು, ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. ಶಿಗ್ಗಾವಿಗೂ ಅವರಿಗೂ ಎತ್ತಣ ಸಂಬಂಧ. 2008ರಲ್ಲಿ ಅವರ ಮೊದಲ ಆಲ್ಬಮ್ಮು ಬಂತು. ಹಿಂದಿ ಹಾಡು, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದ: ಗುಡುಗುಡಿ ಒಂದು, ಸೋರುವ ಮಾಳಿಗೆ ಒಂದು. 2013ರ ಎರಡನೇ ಆಲ್ಬಮ್ಮಿನಲ್ಲಿ, ಲೋಕದ ಚಿಂತೆಯನ್ನೆಲ್ಲ ತಲೆ ಮೇಲೆ ಹೊತ್ತವನನ್ನು ಕೆಣಕುವ ಪದ. ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೆ ಹೋಗಿ ಹಾಡಿ ಬಂದವರು ಇವರು. ಮೊದಲನೇ ಆಲ್ಬಮ್ಮಿನಲ್ಲಿ ಹಾಡು ಇನ್ನೂ ಮೆಲ್ಲಗೆ ಹೆಜ್ಜೆ ಇಡುತ್ತದೆ, ಎರಡನೆಯದರಲ್ಲಿ ಜಾತ್ರೆಯೇ ಆಗುತ್ತದೆ. ಸ್ಟುಡಿಯೋದ ಹಾಡಿಗಿಂತ ನನಗೆ ಹೆಚ್ಚು ಹಿಡಿಸಿದ್ದು ವೇದಿಕೆಯ ಮೇಲಿನದು. ಆತ ಒಂದು ಸಾಲು ಹಾಡಿ ಮೈಕನ್ನು ಜನರ ಕಡೆ ತಿರುಗಿಸುತ್ತಾನೆ. ಜನ ಕುಣಿಯುತ್ತ ಅದನ್ನೇ ವಾಪಸ್ ಎಸೆಯುತ್ತಾರೆ. ಕನ್ನಡ ಬಾರದವರೂ.

ಅದು ಹಿಮ್ಮೇಳವಲ್ಲದೆ ಮತ್ತೇನು ಕಾಕಾ? ನಾಲ್ಕು ಜನ ತಾಳದವರ ಜಾಗಕ್ಕೆ ನಾಲ್ಕು ಸಾವಿರ ಜನ, ಅಷ್ಟೇ. ಕ್ಯಾಸೆಟ್ಟು ಮುಚ್ಚಿಸಿದ ಬಾಯಿಯನ್ನು ಗಿಟಾರು ಬಿಡಿಸಿತು ಅಂತ ನನ್ನ ವಾದ.

ಕಾಕಾ ಒಪ್ಪಲಿಲ್ಲ. "ಕುಣ್ಯಾಕ ಬಂದವ್ರು ಅವ್ರು. ಪದಾ ಕೇಳಾಕ ಬಂದವ್ರಲ್ಲ."

"ಮೊಹರಂದಾಗ ಹೆಜ್ಜಿ ಹಾಕಾವ್ರು ಏನ್ ಕೇಳಾಕ ಬರ್ತಾರ?"

ಇದಕ್ಕೆ ಅವರು ಜೋಳವನ್ನು ಸ್ವಲ್ಪ ಜೋರಾಗಿಯೇ ಹರವಿದರು. ಹಳೆಯ ಹಾಡಿಗೆ ಹೊಸ ವಾದ್ಯ ಬಂದಾಗ ಸಿಟ್ಟು ಬರುವುದು ನಮ್ಮೂರ ಜಾಯಮಾನವೇನೂ ಅಲ್ಲ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡೈಲನ್ ವಿದ್ಯುತ್ ಗಿಟಾರು ಹಿಡಿದು ಬಂದಾಗ ಸ್ವಂತ ಅಭಿಮಾನಿಗಳೇ ಕೂಗೆಬ್ಬಿಸಿದ್ದರು. ಡೈಲನ್ ಆದರೋ ಬದುಕಿದ್ದ, ತನ್ನ ಹಾಡನ್ನು ತಾನೇ ಮುರಿದು ಕಟ್ಟುವ ಹಕ್ಕು ಇತ್ತು. ಶರೀಫಜ್ಜ ಗದ್ದುಗೆಯೊಳಗಿಂದ ಎದ್ದು ಬಂದು ಇದು ಬೇಕು, ಇದು ಬೇಡ ಅನ್ನುವಂತಿಲ್ಲ. ಆದರೆ ಆತನ ಪದಗಳನ್ನು ನೋಡಿದರೆ ಹೊಸದಕ್ಕೆ ಹೆದರುವ ಆಸಾಮಿ ಅಂತ ನನಗೆ ಅನ್ನಿಸುವುದಿಲ್ಲ. ಹತ್ತಿ ಗಿರಣಿ ಬಂದ ಕಾಲದಲ್ಲಿ ಗಿರಣಿಯ ಮೇಲೆಯೇ ಪದ ಕಟ್ಟಿದವನು. ಸೇದುವ ಗುಡುಗುಡಿಯಲ್ಲಿ ಶಿವನನ್ನು ಕಂಡವನಿಗೆ ಗಿಟಾರಿನಲ್ಲಿ ಕಾಣುವುದು ಎಷ್ಟರ ಮಾತು?

ಅಷ್ಟರಲ್ಲಿ ಚಿಗವ್ವ ಹಿತ್ತಲ ಬಾಗಿಲಿಂದ ಹೊರಗೆ ಬಂದಳು. "ಏನ್ ನಡಸೀರಿ ಇಬ್ರೂ? ಮಾಡ ಏರೇತಿ, ಜ್ವಾಳ ತೋಯ್ತಾವ."

"ಶ್ರಾವಣದ ಭಜನ್ಯಾಗ ಈ ಹುಡುಗೂರು ಗಿಟಾರ ತರ್ತಾರಂತ," ಅಂದರು ಕಾಕಾ. ಅಂಥ ಮಾತು ಯಾರೂ ಆಡಿರಲಿಲ್ಲ. ಮೊಮ್ಮಗ ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡ. ಹಾವೇರಿಯ ಹಾಸ್ಟೆಲ್ಲಿನಲ್ಲಿ ಅವನ ಗೆಳೆಯನ ಹತ್ತಿರ ಒಂದು ಗಿಟಾರು ಇದೆಯಂತೆ.

"ತರವೊಲ್ರಾಕ," ಅಂದಳು ಚಿಗವ್ವ, ಜೋಳದ ತಾಡಪತ್ರಿಯ ತುದಿ ಎತ್ತುತ್ತ. "ನಿಮ್ಮ ಮ್ಯಾಳದಾಗ ಇರೂ ಐದ ಮಂದ್ಯಾಗ ಮೂರ ಮಂದಿಗೆ ದಮ್ಮ ಉಳದಿಲ್ಲ. ಹುಡುಗೂರ ಬಂದ್ರ ಹಿಂದ ಹಾಡಾಕರ ಯಾರರ ಆಗ್ತಾರ."

ಕಾಕಾ ತಾಡಪತ್ರಿಯ ಇನ್ನೊಂದು ತುದಿ ಹಿಡಿದರು. ಆಮೇಲೆ ಮೊಮ್ಮಗನಿಗೆ ಶರತ್ತು ಹಾಕಿದರು: ಗಿಟಾರು ಮುಂದ ಕೂಡಂಗಿಲ್ಲ, ದಮ್ಮಡಿ ಪಕ್ಕ ಕೂಡಬೇಕು. ಪಲ್ಲ ಎತ್ತೂದು ನಾವ. ಮತ್ತ ಟೈಮ್ ಇಲ್ಲ ಅಂತ ನಡುವಿನ ನುಡಿ ನುಂಗಬಾರದು, ಅಷ್ಟೂ ನುಡಿ ಬಾಯಿಪಾಠ ಆಗಿರಬೇಕು.

"ಎಷ್ಟ ನುಡಿ ಅದಾವು ಅಜ್ಜಾ?" ಅಂದ ಹುಡುಗ. "ಮೊಬೈಲ್ನಾಗ ಮೂರ ಅದಾವು."